ಬೆಳ್ಳಿತೆರೆ ಮತ್ತು ಕವಿತೆ

ಕನ್ನಡದಲ್ಲಿ ‘ತೆರೆ’ ಎಂಬ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳುಂಟು. ಕಡಲಿನ ಅಲೆಯನ್ನು ತೆರೆಯೆನ್ನುತ್ತಾರೆ. ಮರೆಮಾಡಲು ಮುಂದೆ ಹಿಡಿದ ಬಟ್ಟೆಯನ್ನೂ ತೆರೆಯೆನ್ನುತ್ತಾರೆ. ಉಡುಪಿಯ ಸುತ್ತಮುತ್ತಲಿನ ಜನರಿಗೆ ಈ ಎರಡೂ ತೆರೆಗಳು ಬಾಲ್ಯದಿಂದಲೇ ಪರಿಚಿತವಾದವು. ಪಡುವಣಕ್ಕೆ ಮುಖಮಾಡಿ ನಿಂತರೆ ಕಡಲತೆರೆ. ಕೊಯ್ಲಾದ ಗದ್ದೆಯಲ್ಲಿ ರಾತ್ರಿ ಬಯಲಾಟ ನಡೆದರೆ ಅಲ್ಲಿ ಇಬ್ಬರು ಹಿಡಿದು ನಿಂತ ಬಣ್ಣದ ತೆರೆ. ಆ ತೆರೆಯ ಮೇಲ್ಗಡೆ ಮೊದಲು ಕಿರೀಟದ ತುದಿಯಷ್ಟೇ ಕಾಣುತ್ತದೆ. ಗೆಜ್ಜೆಯ ಸದ್ದು ಕೇಳುತ್ತದೆ. ವೇಷವು ಪೂರ್ತಿಯಾಗಿ ಕಾಣಿಸಿಕೊಳ್ಳುವುದಕ್ಕೆ ಮುನ್ನವೇ ಪ್ರೇಕ್ಷಕನ ಮನಸ್ಸು ಅದನ್ನು ಚಿತ್ರಿಸಿಕೊಂಡಿರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡರ ಜೊತೆಗೆ ಮೂರನೆಯದೊಂದು ತೆರೆ ಬಂದು ಸೇರಿತು. ಅದೇ ಚಲಚ್ಚಿತ್ರದ ಬೆಳ್ಳಿತೆರೆ.

ಈ ಮೂರನೆಯ ತೆರೆಯ ಮೇಲೆ ದೂರದ ಫ್ರಾನ್ಸ್ ದೇಶದ ಹಳೆಯ ಚಿತ್ರವೊಂದನ್ನು ಕಂಡ ಕರಾವಳಿಯ ತರುಣನಿಗೋ ತರುಣಿಗೋ ಕವಿತೆಯೊಂದನ್ನು ಬರೆಯಬೇಕೆನಿಸಿತು ಎನ್ನೋಣ. ಆ ಕವಿತೆಯಲ್ಲಿ ಬರಬೇಕಾದುದು ಏನು? ಚಿತ್ರದ ಕಥೆಯೆ? ಚಿತ್ರದ ಪಾತ್ರಗಳೆ? ಅಥವಾ ಬರೆಯುವವರ ಊರೆ? ಪ್ರಶ್ನೆ ಮೇಲ್ನೋಟಕ್ಕೆ ಸಣ್ಣದು. ಆದರೆ ಇತರರಿಂದ ಪಡೆದುದನ್ನು ತನ್ನದಾಗಿಸಿಕೊಳ್ಳುವುದು ಹೇಗೆ, ಎಲ್ಲಿಯವರೆಗೆ ಅದು ಸಾಲ, ಎಲ್ಲಿಂದ ಮುಂದೆ ಅದು ಸ್ವಂತ ಎಂಬ, ಲೇಖನಿ ಹಿಡಿದ ಪ್ರತಿಯೊಬ್ಬರೂ ಎದುರಿಸಬೇಕಾದ ಪ್ರಶ್ನೆ ಇದರೊಳಗೆ ಅಡಗಿದೆ.

ಚಲಚ್ಚಿತ್ರವು ಹಣ ಕೊಟ್ಟು ಬಂದ ಸಾರ್ವಜನಿಕರ ಮುಂದೆ ಪ್ರದರ್ಶಿತವಾದುದು ಪ್ಯಾರಿಸ್ ನಗರದಲ್ಲಿ. ೧೮೯೫ನೆಯ ಇಸವಿ ಡಿಸೆಂಬರ್ ೨೮ರಂದು ಲೂಮಿಯೇರ್ ಸಹೋದರರು ಅಲ್ಲಿನ ಗ್ರಾಂ ಕಫೆ ಎಂಬ ಉಪಾಹಾರಗೃಹದಲ್ಲಿ ಹತ್ತು ಕಿರುಚಿತ್ರಗಳನ್ನು ತೋರಿಸಿದರು. ಒಂದೊಂದು ಚಿತ್ರವೂ ಒಂದು ನಿಮಿಷದೊಳಗಿನದು. ಏಳು ತಿಂಗಳು ತುಂಬುವ ಮೊದಲೇ, ೧೮೯೬ರ ಜುಲೈ ೭ರಂದು, ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿಯೂ ಪ್ರದರ್ಶನಗೊಂಡುವು. ಪ್ಯಾರಿಸ್ಸಿನಲ್ಲಿ ತೋರಿಸಿದ ಹತ್ತರಲ್ಲಿ ಒಂದು, ತಂದೆತಾಯಿಯರು ತೋಟದಲ್ಲಿ ಕುಳಿತು ಮಗುವಿಗೆ ಉಣಿಸುವ ಚಿತ್ರ. ನೋಡುವವರು ಮಗುವನ್ನು ನೋಡಲೆಂದು ಅದನ್ನು ತೆಗೆಯಲಾಗಿತ್ತು. ಆದರೆ ಪ್ರೇಕ್ಷಕರು ಬೆರಗಾದುದು ಮಗುವಿನ ಹಿಂದೆ ಗಾಳಿಗೆ ಅಲುಗುತ್ತಿದ್ದ ಎಲೆಗಳನ್ನು ಕಂಡು ಎಂದು ಹೇಳುತ್ತಾರೆ. ನಾಟಕದ ಪರದೆಯ ಮೇಲೆ ಬರೆದ ಎಲೆಗಳು ಅಲುಗುತ್ತಿರಲಿಲ್ಲ. ಇಲ್ಲಿ ಯಾರೂ ಹೇಳಿಕೊಡದೆ, ಯಾರ ಅಪ್ಪಣೆಯೂ ಇಲ್ಲದೆ ಎಲೆಗಳು ತಮ್ಮಷ್ಟಕ್ಕೆ ಅಲುಗುತ್ತಿದ್ದುವು.

ಕವಿತೆಗೂ ಚಲಚ್ಚಿತ್ರಕ್ಕೂ ಇರುವ ನಂಟು ಈ ಎಲೆಗಳಲ್ಲಿಯೇ ಇದೆ. ಕಥೆಯನ್ನು ಎಲ್ಲರೂ ನೋಡುತ್ತಾರೆ. ಕಥೆಯ ಹಿಂದೆ ಅಲುಗುತ್ತಿರುವುದನ್ನು ನೋಡಿದವನಲ್ಲಿ ಕವಿತೆ ಮೊಳೆಯುತ್ತದೆ.

ಒಂದು ಸುಲಭವಾದ ಉದಾಹರಣೆಯನ್ನು ಎತ್ತಿಕೊಳ್ಳಬಹುದು. ಆಲ್ಬರ್ ಲಾಮೊರಿಸ್ ಎಂಬ ನಿರ್ದೇಶಕನು ೧೯೫೬ರಲ್ಲಿ ‘ಕೆಂಪು ಬಲೂನು’ ಎಂಬ ಚಿತ್ರವನ್ನು ನಿರ್ಮಿಸಿದನು. ಅದರ ಅವಧಿ ೩೪ ನಿಮಿಷಗಳು ಮಾತ್ರ. ಮಾತು ಬಹಳ ಕಡಮೆ. ನಿರ್ದೇಶಕನ ಮಗನೇ ಅದರಲ್ಲಿ ಬಾಲಕನಾಗಿ ಅಭಿನಯಿಸಿದ್ದಾನೆ. ಶಾಲೆಗೆ ಹೋಗುವ ದಾರಿಯಲ್ಲಿ ಬಾಲಕನಿಗೆ ಕೆಂಪು ಬಲೂನೊಂದು ದೊರೆಯುತ್ತದೆ. ಅದು ನಾಯಿಮರಿಯಂತೆ ಅವನನ್ನು ಹಿಂಬಾಲಿಸುತ್ತದೆ. ಅಸೂಯೆಗೊಂಡ ಪುಂಡ ಹುಡುಗರು ಅದನ್ನು ಅಟ್ಟಿಸಿಕೊಂಡು ಹೋಗಿ ಒಡೆಯುತ್ತಾರೆ. ಆಗ ಪ್ಯಾರಿಸ್ಸಿನ ಬಲೂನುಗಳೆಲ್ಲ ಎಲ್ಲೆಲ್ಲಿಂದಲೋ ಹಾರಿಬಂದು ಬಾಲಕನನ್ನು ಆಕಾಶಕ್ಕೆತ್ತಿಕೊಂಡು ಹೋಗುತ್ತವೆ.

ಈ ಚಿತ್ರವನ್ನು ಕಾರ್ಕಳದ ಶಾಲಾಬಾಲಕನೊಬ್ಬನು ನೋಡಿ, ‘ಕೆಂಪು ಬಲೂನೇ, ಪ್ಯಾರಿಸ್ಸಿನ ಗೆಳೆಯನೇ’ ಎಂದು ಪದ್ಯವನ್ನು ಆರಂಭಿಸಿದರೆ ತಪ್ಪೇನೂ ಇಲ್ಲ. ಆದರೆ ಪ್ಯಾರಿಸ್ಸಿನ ಬೀದಿಯ ಕುರಿತು ಅವನಿಗೆ ತಿಳಿದಿರುವುದು ಆ ೩೪ ನಿಮಿಷಗಳಷ್ಟೆ. ಅದನ್ನು ಲಾಮೊರಿಸ್ ಆಗಲೇ ಹೇಳಿ ಮುಗಿಸಿದ್ದಾನೆ. ಅದೇ ಬಾಲಕನು ಬಲೂನು ಎಂಬ ಮಾತನ್ನು ಬಿಟ್ಟು, ತನ್ನ ಮನೆಯಲ್ಲಿ ಆಡುವ ‘ಪುಗ್ಗೆ’ ಎಂಬ ಮಾತನ್ನು ಬರೆದನೆನ್ನೋಣ. ಆ ಒಂದು ಮಾತಿನೊಡನೆ ಜನವರಿ ತಿಂಗಳ ಅತ್ತೂರು ಜಾತ್ರೆ ಬರುತ್ತದೆ. ಇಗರ್ಜಿಯ ಮುಂದಿನ ಜನಸಂದಣಿ, ಕೋಲಿಗೆ ಪುಗ್ಗೆಗಳನ್ನು ಕಟ್ಟಿಕೊಂಡು ನಿಂತ ಮಾರಾಟಗಾರ, ಕೊಡಿಸೆಂದು ಅತ್ತ ತಂಗಿ, ಮನೆ ಸೇರುವ ಮೊದಲೇ ಒಡೆದುಹೋದ ಪುಗ್ಗೆಯ ರಬ್ಬರಿನ ಚೂರು, ಎಲ್ಲವೂ ಬರುತ್ತವೆ. ಪ್ಯಾರಿಸ್ಸಿನ ಬಾಲಕನನ್ನು ಬಲೂನುಗಳು ಎತ್ತಿಕೊಂಡು ಹೋದುವು. ಕಾರ್ಕಳದ ಬಾಲಕಿಯನ್ನು ಅಣ್ಣ ಎತ್ತಿಕೊಂಡು ನಡೆದನು. ಈ ಸಾಲನ್ನು ಲಾಮೊರಿಸ್ ಬರೆಯಲಾರನು. ಹಾಗೆಂದು ಅವನ ಚಿತ್ರವನ್ನು ನೋಡದೆ ಇದ್ದಿದ್ದರೆ ಆ ಬಾಲಕನೂ ಇದನ್ನು ಬರೆಯುತ್ತಿರಲಿಲ್ಲ.

ಫ್ರಾನ್ಸಿನಲ್ಲಿ ಕವಿಗಳೂ ಚಿತ್ರನಿರ್ಮಾಪಕರೂ ಬಹುಕಾಲ ಒಂದೇ ಮನೆಯವರಂತೆ ಬಾಳಿದರು. ೧೯೩೦ರ ದಶಕದ ಹಲವು ಫ್ರೆಂಚ್ ಚಿತ್ರಗಳನ್ನು ವಿಮರ್ಶಕರು ‘ಕಾವ್ಯಾತ್ಮಕ ವಾಸ್ತವತೆ’ ಎಂಬ ಹೆಸರಿನಿಂದ ಗುರುತಿಸುತ್ತಾರೆ. ಬಂದರು, ಮಂಜು, ಬಡವರ ಓಣಿ, ಹಡಗಿನವರು ಬಂದುಹೋಗುವ ಉಪಾಹಾರಗೃಹ ಇವೇ ಅವುಗಳ ಲೋಕ. ಇವುಗಳಲ್ಲಿ ಪ್ರಸಿದ್ಧವಾದ ಕೆಲವಕ್ಕೆ ಚಿತ್ರಕಥೆಯನ್ನೂ ಸಂಭಾಷಣೆಯನ್ನೂ ಬರೆದವನು ಜಾಕ್ ಪ್ರೆವೆರ್. ಈತನು ಫ್ರಾನ್ಸಿನ ಶಾಲೆಗಳಲ್ಲಿ ಮಕ್ಕಳು ಇಂದಿಗೂ ಕಲಿಯುವ ಪದ್ಯಗಳ ಕವಿಯೂ ಹೌದು. ೧೯೪೫ರಲ್ಲಿ ತೆರೆಕಂಡ, ಮಾರ್ಸೆಲ್ ಕಾರ್ನೆ ನಿರ್ದೇಶಿಸಿದ ‘ಸ್ವರ್ಗದ ಮಕ್ಕಳು’ ಚಿತ್ರವೂ ಇವನ ಬರವಣಿಗೆಯೇ. ಕವಿಯೂ ಚಿತ್ರನಿರ್ದೇಶಕನೂ ಒಬ್ಬನೇ ಆಗಿರುವುದು ಕನ್ನಡಕ್ಕೂ ಅಪರಿಚಿತವಲ್ಲ. ಫ್ರೆಂಚ್ ಕವಿ ಬೋದಿಲೇರನನ್ನು ‘ಪಾಪದ ಹೂಗಳು’ ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದ ಪಿ. ಲಂಕೇಶ್ ಅವರೇ ೧೯೭೬ರಲ್ಲಿ ‘ಪಲ್ಲವಿ’ ಚಿತ್ರವನ್ನು ನಿರ್ದೇಶಿಸಿದರು.

ಆ ಕಾಲದ ನಿರ್ದೇಶಕರಲ್ಲಿ ಜಾನ್ ವಿಗೊ ಎಂಬವನು ೧೯೩೪ರಲ್ಲಿ, ಇನ್ನೂ ೨೯ನೆಯ ವಯಸ್ಸಿನಲ್ಲಿಯೇ ತೀರಿಕೊಂಡನು. ಅವನ ಕೊನೆಯ ಚಿತ್ರ ‘ಲಾತಲಾಂತ್’. ಅದು ಒಂದು ಸರಕುದೋಣಿಯ ಹೆಸರು. ಹೊಸದಾಗಿ ಮದುವೆಯಾದ ದಂಪತಿಗಳು ಆ ದೋಣಿಯಲ್ಲಿ ಸಂಸಾರ ಹೂಡುತ್ತಾರೆ. ನೀರಿನಲ್ಲಿ ಮುಳುಗಿ ಕಣ್ತೆರೆದರೆ ಪ್ರೀತಿಸಿದವರ ಮುಖ ಕಾಣುತ್ತದೆಂದು ಹೆಂಡತಿ ಹೇಳುತ್ತಾಳೆ. ಗಂಡ ನಗುತ್ತಾನೆ. ಜಗಳವಾಗಿ ಅವಳು ದೂರವಾದ ಮೇಲೆ ಅವನು ಒಂದು ದಿನ ನದಿಗೆ ಧುಮುಕುತ್ತಾನೆ. ಮಸುಕಾದ ನೀರಿನಲ್ಲಿ ಮದುವೆಯ ಉಡುಪಿನಲ್ಲಿರುವ ಅವಳು ತೇಲುತ್ತ ಬರುತ್ತಾಳೆ. ಇಲ್ಲಿ ಒಂದು ಮಾತೂ ಇಲ್ಲ. ವಿರಹವನ್ನು ವರ್ಣಿಸಲು ಹಳೆಯ ಕಾವ್ಯಗಳು ಚಂದ್ರ, ಮಂದಮಾರುತ, ಕೋಗಿಲೆ ಎಂದು ಪುಟಗಟ್ಟಲೆ ಬಳಸಿಕೊಂಡುದನ್ನು ಬಲ್ಲ ಓದುಗನಿಗೆ ಈ ಮಿತವ್ಯಯವು ವಿಸ್ಮಯವನ್ನುಂಟುಮಾಡುತ್ತದೆ. ಹಳೆಯ ಕವಿಗಳನ್ನು ಹಳಿಯಲು ಈ ಮಾತು ಹೇಳಿದುದಲ್ಲ. ಅವರ ಕೈಯಲ್ಲಿದ್ದುದು ನುಡಿ. ವಿಗೊನ ಕೈಯಲ್ಲಿದ್ದುದು ನೀರು ಮತ್ತು ಬೆಳಕು.

ಇನ್ನು ಸಾಲದ ವಿಷಯ. ಫ್ರೆಂಚ್ ಚಿತ್ರಗಳನ್ನು ನೋಡಿ ಬರೆಯಹೊರಟವರಿಗೆ ಎಚ್ಚರಿಕೆಯ ಮಾತು ಆ ಚಿತ್ರಗಳಲ್ಲಿಯೇ ಸಿಗುತ್ತದೆಂಬುದು ಸ್ವಾರಸ್ಯದ ಸಂಗತಿ.

ಕವಿ ಜಾನ್ ಕಾಕ್ತೊ ೧೯೫೦ರಲ್ಲಿ ‘ಆರ್ಫೆ’ ಎಂಬ ಚಿತ್ರವನ್ನು ತೆರೆಗೆ ತಂದನು. ಗ್ರೀಕರ ಪುರಾಣದಲ್ಲಿ ಆರ್ಫಿಯಸ್ ಎಂಬ ಗಾಯಕನು ಸತ್ತ ಹೆಂಡತಿಯನ್ನು ಕರೆತರಲು ಪಾತಾಳಕ್ಕಿಳಿಯುತ್ತಾನೆ. ಕಾಕ್ತೊ ಅವನನ್ನು ತನ್ನ ಕಾಲದ ಪ್ರಸಿದ್ಧ ಕವಿಯನ್ನಾಗಿ ಮಾಡಿದನು. ಚಿತ್ರದಲ್ಲಿ ಈ ಕವಿಗೆ ಹೊಸದೇನೂ ಹೊಳೆಯದಂತಾಗಿದೆ. ಆಗ ಒಂದು ಮೋಟಾರು ಕಾರಿನ ರೇಡಿಯೋದಿಂದ ವಿಚಿತ್ರವಾದ ಸಾಲುಗಳು ಕೇಳಿಬರತೊಡಗುತ್ತವೆ. ಕವಿಯು ಮನೆಯನ್ನೂ ಗರ್ಭಿಣಿಯಾದ ಮಡದಿಯನ್ನೂ ಮರೆತು ಹಗಲಿರುಳೂ ಆ ಕಾರಿನಲ್ಲಿಯೇ ಕುಳಿತು ಸಾಲುಗಳನ್ನು ಬರೆದುಕೊಳ್ಳುತ್ತಾನೆ. ತನ್ನ ಯಾವ ಕವಿತೆಗಿಂತಲೂ ಅವು ಶ್ರೇಷ್ಠವೆಂದು ಅವನ ನಂಬಿಕೆ. ಕಡೆಗೆ ಅವು ಸತ್ತುಹೋದ ಇನ್ನೊಬ್ಬ ತರುಣ ಕವಿಯ ಸಾಲುಗಳೆಂದು ಹೊರಬೀಳುತ್ತದೆ. ಅವನು ಕೇಳಿಸಿಕೊಂಡುದು ನಿಜ, ಮೈಮರೆತುದೂ ನಿಜ. ಆದರೆ ಸಾಲುಗಳು ಅವನವಲ್ಲ. ಅವನು ರೇಡಿಯೋ ಕೇಳುತ್ತಿದ್ದಾಗ ಮನೆಯೊಳಗೆ ಮಡದಿ ಒಬ್ಬಳೇ ಇದ್ದಳು.

ಎರಡನೆಯ ಚಿತ್ರ ಫ್ರಾನ್ಸ್ವಾ ತ್ರುಫೊ ೧೯೫೯ರಲ್ಲಿ ನಿರ್ಮಿಸಿದುದು. ಅದರ ಹೆಸರನ್ನು ಅಕ್ಷರಶಃ ಅನುವಾದಿಸಿದರೆ ‘ನಾನೂರು ಹೊಡೆತಗಳು’ ಎಂದಾಗುತ್ತದೆ. ಆದರೆ ಫ್ರೆಂಚರ ಆಡುಮಾತಿನಲ್ಲಿ ಅದು ಮಿತಿಮೀರಿದ ಪುಂಡಾಟಕ್ಕೆ ಹೇಳುವ ಮಾತು, ಹೊಡೆತಕ್ಕೂ ಅದಕ್ಕೂ ಸಂಬಂಧವಿಲ್ಲ. ಶಬ್ದಕ್ಕೆ ಶಬ್ದವಿಟ್ಟು ಅನುವಾದಿಸಿದರೆ ಏನಾಗುತ್ತದೆಂಬುದಕ್ಕೆ ಈ ಹೆಸರೇ ಒಂದು ನಿದರ್ಶನ. ಚಿತ್ರದ ನಾಯಕ ಅಂತ್ವಾನ್ ಎಂಬ ಪ್ರೌಢಶಾಲೆಯ ವಯಸ್ಸಿನ ಬಾಲಕ. ಮನೆಯಲ್ಲಿ ಅವನಿಗೆ ಪ್ರೀತಿ ಸಾಲದು, ಶಾಲೆಯಲ್ಲಿ ಮರ್ಯಾದೆ ಸಾಲದು. ಅವನು ಬಾಲ್ಜಾಕ್ ಎಂಬ ಕಾದಂಬರಿಕಾರನನ್ನು ಓದಿ ಮರುಳಾಗುತ್ತಾನೆ. ಬಾಲ್ಜಾಕನ ಭಾವಚಿತ್ರದ ಮುಂದೆ ಮೇಣದ ಬತ್ತಿ ಹಚ್ಚಿಡುತ್ತಾನೆ. ಅದರಿಂದ ಮನೆಗೆ ಬೆಂಕಿ ತಗಲುವಂತಾಗುತ್ತದೆ. ತರಗತಿಯಲ್ಲಿ ಪ್ರಬಂಧ ಬರೆಯಹೇಳಿದಾಗ ಅವನು ಅಜ್ಜನ ಸಾವನ್ನು ಕುರಿತು ಬರೆಯುತ್ತಾನೆ. ಬಾಲ್ಜಾಕನ ವಾಕ್ಯಗಳು ಅದರೊಳಗೆ ಇಳಿದುಬರುತ್ತವೆ. ಅಧ್ಯಾಪಕರು ಅದನ್ನು ಕೃತಿಚೌರ್ಯವೆಂದು ಎಲ್ಲರೆದುರು ಹೀಯಾಳಿಸುತ್ತಾರೆ.

ಇಲ್ಲಿ ಅಧ್ಯಾಪಕರ ತೀರ್ಪು ಸರಿಯೆ? ವಾಕ್ಯಗಳು ಬಾಲ್ಜಾಕನವೇ ಆದುದರಿಂದ ಸರಿಯೆನ್ನಬೇಕು. ಆದರೂ ಚಿತ್ರವನ್ನು ನೋಡಿದವರಾರೂ ಅಂತ್ವಾನನನ್ನು ಕಳ್ಳನೆನ್ನಲಾರರು. ಅವನು ಮೋಸಮಾಡಲು ನಕಲು ಮಾಡಲಿಲ್ಲ. ಮೆಚ್ಚಿದ್ದು ಮನಸ್ಸಿನಲ್ಲಿ ನಿಂತು, ತನ್ನ ಮಾತೇ ಎಂಬಂತೆ ಹೊರಬಂದಿತು. ಬರವಣಿಗೆಯನ್ನು ಆರಂಭಿಸುವ ಬಹುತೇಕ ಎಲ್ಲರೂ ಈ ಹಂತವನ್ನು ದಾಟಿಬಂದವರೇ. ಅಂಥವರ ಹಾಳೆಯ ಮೇಲೆ ಸೊನ್ನೆ ಬರೆಯುವುದು ಸುಲಭ. ‘ಇದು ಬಾಲ್ಜಾಕನ ಅಜ್ಜ, ನಿನ್ನ ಅಜ್ಜ ಹೇಗಿದ್ದ?’ ಎಂದು ಕೇಳುವವರು ದೊರೆತಿದ್ದರೆ ಆ ಬಾಲಕನ ಪ್ರಬಂಧ ಏನಾಗುತ್ತಿತ್ತೋ.

ಹೊರನಾಡಿನ ಚಿತ್ರವೊಂದು ಇದೇ ಪ್ರಶ್ನೆಯನ್ನು ಕನ್ನಡದ ಲೇಖಕರೊಬ್ಬರಿಗೆ ಕೇಳಿದ ಪ್ರಸಂಗವುಂಟು. ಉಡುಪಿಯಿಂದ ಮೂಡಲಿಗೆ ಹೋಗಿ ಆಗುಂಬೆಯ ಘಾಟಿಯನ್ನೇರಿದರೆ ತೀರ್ಥಹಳ್ಳಿ ಸೀಮೆ. ಅಲ್ಲಿನ ಮೇಳಿಗೆಯವರಾದ ಯು.ಆರ್. ಅನಂತಮೂರ್ತಿಯವರು ೧೯೬೦ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದರು. ಒಮ್ಮೆ ಅವರು ತಮ್ಮ ಗುರುಗಳಾದ ಮಾಲ್ಕಮ್ ಬ್ರಾಡ್‌ಬರಿಯವರೊಡನೆ ಇಂಗ್ಮಾರ್ ಬರ್ಗ್‌ಮನ್ನನ ‘ಏಳನೆಯ ಮುದ್ರೆ’ ಎಂಬ ಚಿತ್ರವನ್ನು ನೋಡಿದರು. ಅದು ಫ್ರಾನ್ಸಿನದಲ್ಲ, ಸ್ವೀಡನ್ನಿನದು. ಮಧ್ಯಯುಗದ ಪ್ಲೇಗಿನ ಕಾಲದ ಕಥೆ. ತೆರೆಯ ಮೇಲೆ ಇಂಗ್ಲಿಷಿನ ಅಡಿಬರಹವಿರಲಿಲ್ಲ. ಭಾಷೆ ತಿಳಿಯದೆ, ಕೇವಲ ಕಣ್ಣಿನಿಂದ ಅವರು ಚಿತ್ರವನ್ನು ನೋಡಿದರು. ಯುರೋಪಿನವರು ಮಧ್ಯಯುಗವನ್ನು ಓದಿ ತಿಳಿದು ಮತ್ತೆ ಕಟ್ಟಿಕೊಳ್ಳಬೇಕು, ಆದರೆ ತಮ್ಮಂಥ ಭಾರತೀಯರಿಗೆ ಅದು ಇನ್ನೂ ಕಣ್ಣೆದುರಿಗೇ ಬದುಕಿರುವ ಅನುಭವ ಎಂಬ ಭಾವನೆ ಅವರಲ್ಲಿ ಮೂಡಿತು. ಇದನ್ನು ಕೇಳಿದ ಬ್ರಾಡ್‌ಬರಿಯವರು ಅದನ್ನೇ ಬರೆಯುವಂತೆ ಪ್ರೋತ್ಸಾಹಿಸಿದರೆಂದು ಅನಂತಮೂರ್ತಿಯವರೇ ಹೇಳಿಕೊಂಡಿದ್ದಾರೆ. ಹೀಗೆ ಹುಟ್ಟಿದುದು ೧೯೬೫ರಲ್ಲಿ ಪ್ರಕಟವಾದ ‘ಸಂಸ್ಕಾರ’ ಕಾದಂಬರಿ.

‘ಸಂಸ್ಕಾರ’ದಲ್ಲಿಯೂ ಪ್ಲೇಗು ಬರುತ್ತದೆ. ಆದರೆ ಅದರಲ್ಲಿ ಬರ್ಗ್‌ಮನ್ನನ ಯೋಧನಿಲ್ಲ, ಯೋಧನೊಡನೆ ಚದುರಂಗವಾಡುವ ಮೃತ್ಯುವೂ ಇಲ್ಲ. ಮಲೆನಾಡಿನ ಅಗ್ರಹಾರ, ಸಂಸ್ಕಾರ ಕಾಣದೆ ಮನೆಯೊಳಗೆ ಉಳಿದ ಹೆಣ, ಸಾಯುತ್ತಿರುವ ಇಲಿಗಳು ಇವೆ. ಪರದೇಶದ ಚಿತ್ರವು ಲೇಖಕರನ್ನು ಪರದೇಶದಲ್ಲಿ ನಿಲ್ಲಿಸದೆ ಊರಿಗೆ ಮರಳಿಸಿತು. ೧೯೭೦ರಲ್ಲಿ ಆ ಕಾದಂಬರಿಯೇ ಕನ್ನಡದಲ್ಲಿ ಚಲಚ್ಚಿತ್ರವಾಯಿತು. ಅಡಿಬರಹವಿಲ್ಲದ ಒಂದು ಪ್ರದರ್ಶನದಿಂದ ಇಷ್ಟಾಯಿತೆಂದರೆ, ಮಾತು ತಿಳಿಯದಿರುವುದೂ ಕೆಲವೊಮ್ಮೆ ಉಪಕಾರವೇ ಸರಿ. ಅಡಿಬರಹವನ್ನು ಓದುತ್ತ ಕುಳಿತ ಕಣ್ಣು ಎಲೆ ಅಲುಗುವುದನ್ನು ತಪ್ಪಿಸಿಕೊಳ್ಳುತ್ತದೆ.

ಅದೇ ತೀರ್ಥಹಳ್ಳಿ ತಾಲ್ಲೂಕಿನಿಂದ ಇನ್ನೊಬ್ಬ ತರುಣರು ಘಾಟಿಯಿಳಿದು ಮಣಿಪಾಲಕ್ಕೆ ಬಂದರು. ಅವರು ಗಿರೀಶ ಕಾಸರವಳ್ಳಿ. ಮಣಿಪಾಲದಲ್ಲಿ ಔಷಧವಿಜ್ಞಾನದ ಪದವಿ ಪಡೆದ ಅವರು ಆ ವೃತ್ತಿಯನ್ನು ಬಿಟ್ಟು ಪುಣೆಯ ಚಲಚ್ಚಿತ್ರ ಸಂಸ್ಥೆಯನ್ನು ಸೇರಿದರು. ದೇಶವಿದೇಶಗಳ ಶ್ರೇಷ್ಠ ಚಿತ್ರಗಳನ್ನು ವಿದ್ಯಾರ್ಥಿಗಳಿಗೆ ತೋರಿಸಿ ಪಾಠಹೇಳುವ ಸಂಸ್ಥೆ ಅದು. ಅಲ್ಲಿಂದ ಹೊರಬಂದು ಅವರು ನಿರ್ದೇಶಿಸಿದ ಮೊದಲ ಚಿತ್ರ ೧೯೭೭ರ ‘ಘಟಶ್ರಾದ್ಧ’. ಕಥೆ ಅನಂತಮೂರ್ತಿಯವರದು, ಸ್ಥಳ ಮಲೆನಾಡಿನ ವೇದಪಾಠಶಾಲೆ. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರಕ್ಕೆ ಕೊಡುವ ಸ್ವರ್ಣಕಮಲ ದೊರೆಯಿತು. ೨೦೨೪ರಲ್ಲಿ ಅದರ ಪುನರುಜ್ಜೀವಿತ ಪ್ರತಿಯು ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಕನ್ನಡದ ತರುಣರು ಪ್ಯಾರಿಸ್ಸಿನ ಚಿತ್ರವನ್ನು ನೋಡುವಂತೆಯೇ ಅಲ್ಲಿನವರೂ ಮಲೆನಾಡಿನ ಬಾಲವಟುವಿನ ಮುಖವನ್ನು ನೋಡಿದರು. ಕಾಸರವಳ್ಳಿಯವರ ೨೦೦೮ರ ‘ಗುಲಾಬಿ ಟಾಕೀಸು’ ಕರಾವಳಿಯ ಮೀನುಗಾರರ ನಡುವಿನ ಕಥೆ. ಸಿನಿಮಾದ ಹುಚ್ಚು ಹತ್ತಿದ ಸೂಲಗಿತ್ತಿಯ ಮನೆಗೆ ಟೆಲಿವಿಷನ್ ಬಂದಾಗ ಏನೇನಾಯಿತೆಂಬುದು ಅದರ ವಸ್ತು. ಅದಕ್ಕೆ ಪ್ರೇರಣೆಯಾದ ಕಥೆಯನ್ನು ಬರೆದವರು ಕುಂದಾಪುರದಲ್ಲಿ ಹುಟ್ಟಿದ ವೈದೇಹಿಯವರು. ಅವರು ಕವಯಿತ್ರಿಯೂ ಹೌದು.

ಇಂಥ ಚಿತ್ರಗಳು ದೊಡ್ಡ ನಗರದವರಿಗೆ ಮಾತ್ರ ಎಂಬ ಭಾವನೆ ಒಂದು ಕಾಲದಲ್ಲಿತ್ತು. ೧೯೭೩ರಲ್ಲಿ ಕೆ.ವಿ. ಸುಬ್ಬಣ್ಣನವರು ಸಾಗರದ ಬಳಿಯ ಹೆಗ್ಗೋಡಿನಲ್ಲಿ ನೀನಾಸಮ್ ಚಿತ್ರಸಮಾಜವನ್ನು ಆರಂಭಿಸಿ, ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಅಡಕೆ ತೋಟದ ನಡುವಿನ ಹಳ್ಳಿಗೆ ತಂದರು. ಹಳ್ಳಿಯ ಜನ ಅವುಗಳನ್ನು ನೋಡಿದರು, ಚರ್ಚಿಸಿದರು. ಈಗ ಮನೆಯಲ್ಲಿಯೇ ಕುಳಿತು ನೋಡುವ ಅನುಕೂಲಗಳು ಬಂದಿರುವುದರಿಂದ ಚಿತ್ರ ದೊರೆಯುವುದು ಕಷ್ಟವಲ್ಲ. ಕಷ್ಟವಿರುವುದು ನೋಡುವುದರಲ್ಲಿ.

ನೋಡುವುದೆಂದರೇನು ಎಂಬುದನ್ನು ಕಾರ್ಕಳದ ಬೆಟ್ಟದಲ್ಲಿ ಕಲಿಯಬಹುದು. ಅಲ್ಲಿನ ಗೊಮ್ಮಟನನ್ನು ವೀರಪಾಂಡ್ಯನು ೧೪೩೨ರಲ್ಲಿ ನಿಲ್ಲಿಸಿದನು. ಎತ್ತರ ಸುಮಾರು ೪೨ ಅಡಿ. ದೂರದಿಂದ ನೋಡಿದರೆ ಬಂಡೆಯ ಬೆಟ್ಟದ ನೆತ್ತಿಯಲ್ಲಿ ಪ್ರಾಕಾರದ ಮೇಲೆದ್ದ ದೇಹ ಕಾಣುತ್ತದೆ. ಮೆಟ್ಟಿಲೇರಿ ಒಳಗೆ ಹೋದರೆ ಕಾಲ್ಬೆರಳುಗಳು ಕಣ್ಣಿನ ಮಟ್ಟಕ್ಕೆ ಸಿಗುತ್ತವೆ. ಮುಖವನ್ನು ನೋಡಲು ಕತ್ತೆತ್ತಬೇಕು. ಎದುರಿನ ಗುಡ್ಡದಲ್ಲಿ ೧೫೮೬ರ ಚತುರ್ಮುಖ ಬಸದಿಯಿದೆ. ಅದರ ಬಾಗಿಲಲ್ಲಿ ನಿಂತರೆ ಕಂಬಗಳ ನಡುವೆ ಅದೇ ಗೊಮ್ಮಟ ಪುಟ್ಟದಾಗಿ ಕಾಣುತ್ತಾನೆ. ದೂರದ ನೋಟ, ಸಮೀಪದ ನೋಟ, ಚೌಕಟ್ಟಿನೊಳಗಿನ ನೋಟ ಎಂದು ಚಲಚ್ಚಿತ್ರದವರು ವಿಂಗಡಿಸುವುದು ಇದನ್ನೇ. ಶಿಲೆ ಒಂದೇ, ನಿಂತ ಜಾಗ ಬದಲಾದಂತೆ ಅದು ಹೇಳುವ ಮಾತು ಬದಲಾಗುತ್ತದೆ.

ಒಂದು ನೋಟದಿಂದ ಇನ್ನೊಂದು ನೋಟಕ್ಕೆ ನೆಗೆಯುವಾಗ ಚಲಚ್ಚಿತ್ರವು ‘ಆದುದರಿಂದ’, ‘ಅನಂತರ’ ಎಂಬ ಮಾತುಗಳನ್ನು ಆಡುವುದಿಲ್ಲ. ಫ್ರೆಂಚ್ ನಿರ್ದೇಶಕ ರೊಬೇರ್ ಬ್ರೆಸ್ಸೊನ್ ತನ್ನ ಟಿಪ್ಪಣಿಗಳಲ್ಲಿ, ಬಣ್ಣದ ಪಕ್ಕದಲ್ಲಿ ಬಣ್ಣವನ್ನಿಟ್ಟಾಗ ಎರಡೂ ಬದಲಾಗುವಂತೆ ಒಂದು ಚಿತ್ರವು ಇನ್ನೊಂದರ ಸಂಪರ್ಕದಿಂದ ಬದಲಾಗಬೇಕು ಎಂಬ ಅಭಿಪ್ರಾಯವನ್ನು ಸೂಚಿಸಿದ್ದಾನೆ. ನವ್ಯಕಾವ್ಯವನ್ನು ಓದಿದವರಿಗೆ ಇದು ಹೊಸದೆನಿಸದು. ಬೈಂದೂರಿನ ಬಳಿಯ ಮೊಗೇರಿಯಲ್ಲಿ ೧೯೧೮ರಲ್ಲಿ ಹುಟ್ಟಿ, ಮುಂದೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿನ ಪ್ರಾಂಶುಪಾಲರೂ ಆಗಿದ್ದ ಗೋಪಾಲಕೃಷ್ಣ ಅಡಿಗರ ಕವಿತ್ವದ ಬಲವಿರುವುದು ಪ್ರತಿಮೆಯ ಪಕ್ಕಕ್ಕೆ ಪ್ರತಿಮೆಯನ್ನಿಟ್ಟು, ನಡುವಣ ಸೇತುವೆಯನ್ನು ಓದುಗನೇ ಕಟ್ಟಿಕೊಳ್ಳುವಂತೆ ಮಾಡುವುದರಲ್ಲಿ. ಅಡಿಗರು ಇದನ್ನು ಸಿನಿಮಾದಿಂದ ಕಲಿತರೆಂದು ಹೇಳಬೇಕಾಗಿಲ್ಲ. ಎರಡು ಕಲೆಗಳು ಬೇರೆ ಬೇರೆ ದಾರಿಗಳಲ್ಲಿ ನಡೆದು ಒಂದೇ ತಿರುವಿನಲ್ಲಿ ಭೇಟಿಯಾಗುವುದುಂಟು.

ಇಷ್ಟನ್ನು ತಿಳಿದುಕೊಂಡು ಮತ್ತೆ ತ್ರುಫೊನ ಚಿತ್ರಕ್ಕೆ ಬರಬಹುದು. ಅಂತ್ವಾನನನ್ನು ಕೊನೆಗೆ ಬಾಲಾಪರಾಧಿಗಳ ಕೇಂದ್ರಕ್ಕೆ ಕಳುಹಿಸುತ್ತಾರೆ. ಒಂದು ದಿನ ಕಾಲ್ಚೆಂಡಿನ ಆಟದ ನಡುವೆ ಅವನು ಬೇಲಿಯ ಕೆಳಗೆ ನುಸುಳಿ ಓಡುತ್ತಾನೆ. ಬಹಳ ಹೊತ್ತು ಓಡುತ್ತಾನೆ. ಕಡಲ ದಂಡೆಗೆ ಬಂದು, ತೆರೆಗಳಿಗೆ ಕಾಲು ಸೋಕಿಸಿ, ಹಿಂತಿರುಗಿ ಪ್ರೇಕ್ಷಕರ ಕಡೆಗೆ ನೋಡುತ್ತಾನೆ. ಆ ಮುಖವು ಹಾಗೆಯೇ ಸ್ಥಿರಚಿತ್ರವಾಗಿ ನಿಂತುಬಿಡುತ್ತದೆ. ಚಿತ್ರ ಮುಗಿಯುತ್ತದೆ.

ಕಾಪುವಿನ ವಿದ್ಯಾರ್ಥಿನಿಯೊಬ್ಬಳು ಇದನ್ನು ನೋಡಿ ಕವಿತೆ ಬರೆಯಲು ಕುಳಿತಳೆಂದು ಕಲ್ಪಿಸಿಕೊಳ್ಳಬಹುದು. ಮೊದಲ ಪ್ರಯತ್ನದಲ್ಲಿ ಅವಳು ಬರೆದುದು ಹೀಗೆ:

ಓಡಿದನು ಬಾಲಕನು ಕಡಲ ತೀರಕ್ಕೆ,
ಬಂಧನವ ಹರಿದೆಸೆದು ಬಿಡುಗಡೆಯ ದೂರಕ್ಕೆ.

ಪ್ರಾಸವಿದೆ, ಲಯವೂ ಇದೆ. ಆದರೆ ‘ಬಿಡುಗಡೆ’ ಎಂಬ ಮಾತನ್ನು ಅವಳು ಎಲ್ಲಿಂದ ತಂದಳು? ಪ್ಯಾರಿಸ್ಸಿನ ಬಾಲಕನಿಗೆ ಕಡಲು ದೂರದ ಕನಸು. ಕಾಪುವಿನ ಹುಡುಗಿಗೆ ಅದು ಮನೆಯ ಮುಂದಿನ ಅಂಗಳ. ತಂದೆ ದುಡಿಯುವ ಜಾಗ. ಬಂಗುಡೆ ಬೂತಾಯಿಗಳು ಬರುವುದು ಅಲ್ಲಿಂದ. ಶಾಲೆಯ ಪುಸ್ತಕದ ಹಣ ಬರುವುದೂ ಅಲ್ಲಿಂದ. ಮಳೆಗಾಲದ ಎರಡು ತಿಂಗಳು ಯಂತ್ರದ ದೋಣಿಗಳು ಕಡಲಿಗಿಳಿಯುವಂತಿಲ್ಲ. ಆಗ ಮನೆಯಲ್ಲಿ ಸಾಲದ ಮಾತು ಬರುತ್ತದೆ. ಅಲ್ಲಿ ಕಡಲಿಗೆ ಓಡಿಹೋಗುವವರಿಲ್ಲ. ಕಡಲಿಗೆ ಹೋದವರನ್ನು ಕಾಯುವವರಿದ್ದಾರೆ. ತ್ರುಫೊನ ಚಿತ್ರದಲ್ಲಿ ಮುಖವು ತೆರೆಗಳಿಗೆ ಬೆನ್ನುಮಾಡಿ ನಿಂತಿದೆ. ಕಾಪುವಿನ ದಂಡೆಯಲ್ಲಿ ಮುಖಗಳು ತೆರೆಗಳ ಕಡೆಗೇ ತಿರುಗಿರುತ್ತವೆ. ಇದನ್ನು ಗಮನಿಸಿದಾಗ ಅವಳ ಮೊದಲಿನ ಎರಡು ಸಾಲುಗಳು ಬಿದ್ದುಹೋದುವು. ಹೊಸದು ಹೀಗಾಯಿತು:

ದೋಣಿ ಬರುವ ಹೊತ್ತು ಮೀರಿದೆ.
ಅಮ್ಮ ಖಾಲಿ ಬುಟ್ಟಿ ಕವುಚಿಟ್ಟು ಮರಳಲ್ಲಿ ಕುಳಿತಿದ್ದಾಳೆ.
ದೀಪಸ್ತಂಭದ ಬೆಳಕು ಅವಳ ಮುಖದ ಮೇಲೆ ಬಂತು, ಹೋಯಿತು.

ಅಂತ್ವಾನನ ಹೆಸರಿಲ್ಲ, ಪ್ಯಾರಿಸ್ ಇಲ್ಲ. ಆದರೆ ಬೆಳಕು ಬಂದಾಗ ಒಂದು ಕ್ಷಣ ಮುಖವನ್ನು ಹಿಡಿದು ನಿಲ್ಲಿಸುವ ಆ ಕೊನೆಯ ಸಾಲು ತ್ರುಫೊನ ಸ್ಥಿರಚಿತ್ರದಿಂದ ಬಂದುದು. ಇದು ಸಾಲವೇ ಹೌದು. ಇಂಥ ಸಾಲವನ್ನು ತೀರಿಸಬೇಕಾದ ಅಗತ್ಯವಿಲ್ಲ.

ಆದರೂ ಇಲ್ಲೊಂದು ತೊಡಕಿದೆ. ಕಾಪುವಿನ ದೀಪಸ್ತಂಭವನ್ನು ೧೯೦೧ರಲ್ಲಿ ಕಡಲಂಚಿನ ಬಂಡೆಯ ಮೇಲೆ ಕಟ್ಟಿದ್ದಾರೆ. ಅದರ ದೀಪ ಇರುವುದು ತುತ್ತತುದಿಯಲ್ಲಿ, ದೂರದ ಹಡಗು ದೋಣಿಗಳಿಗೆ ಕಾಣಲೆಂದು. ಅದರ ಬುಡದ ಮರಳಿನಲ್ಲಿ ಕುಳಿತವರ ಮುಖದ ಮೇಲೆ ಆ ಬೆಳಕು ಬೀಳುತ್ತದೆಯೆ? ಸಿನಿಮಾದಲ್ಲಾದರೆ ನಿರ್ದೇಶಕನು ಬೇರೊಂದು ದೀಪವಿಟ್ಟು ಬೀಳಿಸಿಕೊಳ್ಳುತ್ತಾನೆ. ಕವಿತೆಯನ್ನು ಓದಿದ ಊರಿನ ಹಿರಿಯರೊಬ್ಬರು, ‘ಮಗಳೇ, ಒಮ್ಮೆ ಹೋಗಿ ನೋಡಿ ಬಾ’ ಎಂದರೆ ಅವಳು ಕೋಪಿಸಿಕೊಳ್ಳಬಾರದು. ಕತ್ತಲಾದ ಮೇಲೆ ಅವಳು ದಂಡೆಗೆ ಹೋಗಿ ತಾಯಿಯ ಪಕ್ಕದಲ್ಲಿ ಕುಳಿತಳು. ಬೆಳಕು ತಲೆಯ ಮೇಲ್ಗಡೆ ಸುತ್ತುತ್ತಿತ್ತು. ಮನೆಗೆ ಬಂದು ಮೂರನೆಯ ಸಾಲನ್ನು ಹೊಡೆದುಹಾಕಿ, ಹೊಸದಾಗಿ ಮೂರು ಸಾಲು ಬರೆದಳು:

ದೋಣಿ ಬರುವ ಹೊತ್ತು ಮೀರಿದೆ.
ಅಮ್ಮ ಖಾಲಿ ಬುಟ್ಟಿ ಕವುಚಿಟ್ಟು ಮರಳಲ್ಲಿ ಕುಳಿತಿದ್ದಾಳೆ.
ಬಂಡೆಯ ಮೇಲಿನ ಬೆಳಕು ಅವಳ ತಲೆಯ ಮೇಲಿಂದ
ದೂರಕ್ಕೆ, ದೋಣಿಗಳಿಗೆಂದು ಹೋಗುತ್ತದೆ.
ಅವಳು ಕುಳಿತಲ್ಲಿ ಕತ್ತಲೆ.